ತಪ್ಪು ಬೇಡಲು ಹೊರಟವಳ ಕಾಗದ

ಬಾಗಿಲು ಸ್ವಲ್ಪ ಮುಂದೆ ಮಾಡು. ಪೂರ್ತಿ ಹಾಕಬೇಡ, ಪೂರ್ತಿ ಹಾಕಿದರೆ ಒಳಗೆ ಏನೋ ನಡೀತಿದೆ ಅಂತ ಬೀದಿಗೆಲ್ಲ ಗೊತ್ತಾಗುತ್ತೆ. ಹಾಂ, ಅಷ್ಟು ಸಾಕು. ಈಗ ಹತ್ತಿರ ಬಾ. ಇದು ನಿನ್ನ ಕಿವಿಗೆ ಬಿದ್ದು ಅಲ್ಲೇ ಇರಬೇಕು. ಗಂಡನ ಹತ್ತಿರ ಹೇಳಬೇಡ, ಅಕ್ಕನ ಹತ್ತಿರ ಹೇಳಬೇಡ, ಬಟ್ಟೆ ಒಗೆಯುವಾಗ ಬಾಯಿ ಜಾರಿ ಕಲ್ಲಿಗೂ ಹೇಳಬೇಡ. ಆಣೆ ಇಡು. ಸರಿಯಾಗಿ ಇಡು, ತಲೆ ಮುಟ್ಟಿ ಇಡು. ಕೋಟೆಯ ದ್ವಾರದವನ ಕಿವಿಗೆ ಈ ಮಾತು ಹೋಯಿತೋ, ಒಬ್ಬ ಹೆಣ್ಣುಮಗಳ ಹತ್ತೊಂಬತ್ತು ವರ್ಷದ ಬದುಕು ಕೆರೆಯ ತಳ ಸೇರುತ್ತೆ.

ಒಂದು ಊರು. ಹೆಸರು ಬೇಡ. ಊರಿನ ಮೂಡಲಿಗೆ ಪುಸ್ತಕದ ಕೋಟೆ, ಪಡುವಲಿಗೆ ಪುಸ್ತಕ ಮುಳುಗಿಸುವ ಕೆರೆ. ಬರೆದ ಪುಸ್ತಕಕ್ಕೆ ಆ ಊರಿನಲ್ಲಿ ಎರಡೇ ಗತಿ. ಕೋಟೆಯ ಒಳಗೆ ಹೋದರೆ ನೂರು ಜನ ಸಾಲಾಗಿ ಕೂತು ನಕಲು ಮಾಡುತ್ತಾರೆ, ನಕಲು ಹೊತ್ತ ಗಾಡಿಗಳು ದೇಶದ ತುಂಬ ಓಡುತ್ತವೆ, ಕಂಡರಿಯದ ಊರಿನ ಹೆಂಗಸರು ಒಲೆಯ ಮುಂದೆ ಕೂತು ಓದುತ್ತ ಅನ್ನ ಸೀಯಿಸುತ್ತಾರೆ. ಒಳಗೆ ಹೋಗದಿದ್ದರೆ ಕಲ್ಲು ಕಟ್ಟಿ ಕೆರೆಗೆ. ನನಗೋಸ್ಕರ ಬರೆದುಕೊಂಡೆ, ಅಟ್ಟದ ಮೇಲೆ ಇಟ್ಟುಕೊಳ್ಳುತ್ತೇನೆ ಅನ್ನುವುದಕ್ಕೆ ಆ ಊರಿನಲ್ಲಿ ಜಾಗವಿಲ್ಲ.

ಕೋಟೆಯವರು ಪುಸ್ತಕ ಓದಿ ನೋಡಿ ಒಳಗೆ ಬಿಡುತ್ತಾರೆ ಅಂದುಕೊಂಡೆಯಾ? ಅಷ್ಟು ಪುರುಸೊತ್ತು ಯಾರಿಗಿದೆ ತಾಯಿ! ಅವರು ಓದುವುದು ಒಂದು ಕಾಗದ. ನನ್ನ ಪುಸ್ತಕ ಹೀಗಿದೆ, ದಯವಿಟ್ಟು ಒಳಗೆ ಕರೆಯಿರಿ ಅಂತ ಬೇಡಿಕೊಳ್ಳುವ ಒಂಬತ್ತೇ ಸಾಲಿನ ಕಾಗದ. ದ್ವಾರದವನು ಎದೆ ತುಂಬ ಉಸಿರು ಎಳೆದುಕೊಳ್ಳುತ್ತಾನೆ, ಬಾಯಿ ಮುಚ್ಚುತ್ತಾನೆ, ಆ ಒಂದು ಉಸಿರಿನಲ್ಲೇ ಓದುತ್ತಾನೆ. ಓದಿ ಸುಮ್ಮನೆ ಉಸಿರು ಬಿಟ್ಟನೋ, ಪುಸ್ತಕ ಕೆರೆಗೆ. ಉಸಿರಿನ ಜೊತೆ ಒಂದು ಪ್ರಶ್ನೆ ಬಂತೋ, ಯಾರು, ಯಾಕೆ, ಆಮೇಲೆ ಅಂತ ಏನಾದರೂ ಸರಿ, ಬಾಗಿಲು ತೆಗೆಯಲೇಬೇಕು. ಇಷ್ಟು ದೊಡ್ಡ ಪುಸ್ತಕ, ಇಷ್ಟುದ್ದ ಬದುಕು, ಒಂದು ಉಸಿರು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಇದರ ಮೇಲೊಂದು ಕಟ್ಟಳೆ. ಕಾಗದ ಕೋಟೆಗೆ ಹೋಗುವ ದಿನ, ಬರೆದವರು ತಮ್ಮ ಬೀದಿಯ ಐದು ಹೊಸ್ತಿಲ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಐದನೆಯದು ಗೋಡೆಗೆ ಗೋಡೆ ಹತ್ತಿದ ಮನೆಯ ಹೊಸ್ತಿಲೇ ಆಗಬೇಕು. ಓದಿ, "ತಪ್ಪು ಬೇಡಲು ಬಂದಿದ್ದೇನೆ, ತಪ್ಪು ನೀಡಿ" ಅನ್ನಬೇಕು. ಹೊಸ್ತಿಲಿನವರು "ತಪ್ಪಿದೆ, ತಗೋ" ಅನ್ನಬೇಕು. ಅಂದು, ಸುಣ್ಣದ ಬಟ್ಟಲಿಗೆ ಹೆಬ್ಬೆರಳು ಅದ್ದಿ, ಕಾಗದದ ಒಂದು ಸಾಲಿನ ಮೇಲೆ ಎಳೆದು ಅಳಿಸಬೇಕು. ತಪ್ಪಿಲ್ಲ ಅನ್ನುವ ಹಾಗಿಲ್ಲ. ಕೈ ಒಂದೇ ಸಲ ಕಾಗದದ ಮೇಲೆ ಬರಬೇಕು, ಎರಡನೇ ಸಲ ಬಂದರೆ ಕಾಗದ ಸತ್ತ ಹಾಗೆ. ಸೂರ್ಯ ಮುಳುಗುವುದರೊಳಗೆ ಐದೂ ಮುಗಿಸಿ ದ್ವಾರ ಮುಟ್ಟಬೇಕು. ಇನ್ನೊಂದು ಕೇಳು, ಇದು ಎಲ್ಲಕ್ಕಿಂತ ಮೇಲಿನದು. ಪುಸ್ತಕ ಓದಿದವರು, ಓದಿದ್ದನ್ನು ಕೇಳಿದವರು, ತಪ್ಪು ನೀಡುವ ಹಾಗಿಲ್ಲ. ನೀಡಿದರೆ ಅವರ ಸುಣ್ಣ ಸುಣ್ಣವೇ ಅಲ್ಲ, ಪುಸ್ತಕ ಸೀದಾ ಕೆರೆಗೆ. ಪುಸ್ತಕದ ಗಂಧಗಾಳಿ ಗೊತ್ತಿಲ್ಲದವರೇ ತಪ್ಪು ಹೇಳಬೇಕು! ಯಾವ ಪುಣ್ಯಾತ್ಮ ಮಾಡಿದನೋ ಈ ಕಟ್ಟಳೆ. ನೆನೆಸಿಕೊಂಡರೆ ತಲೆ ಚಿಟ್ಟು ಹಿಡಿಯುತ್ತೆ.

ಜನ ಏನು ಕಡಿಮೆಯೇ? ಅವರೊಂದು ಉಪಾಯ ಮಾಡಿಕೊಂಡಿದ್ದರು. ಅಳಿಸುವುದಕ್ಕೆಂದೇ ಕೆಲವು ಸಾಲು ಬರೆಯುತ್ತಿದ್ದರು. ಅದಕ್ಕೆ ಬಲಿ ಸಾಲು ಅಂತ ಹೆಸರು. ಒಂದಿಷ್ಟು ಹೊಗಳಿಕೆ, ಒಂದಿಷ್ಟು ಕಣ್ಣೀರು, ಓದಿದವರಿಗೆ ಥೂ ಅನ್ನಿಸುವಂಥದ್ದು. ಹೊಸ್ತಿಲಿನವರು ಅದನ್ನು ಅಳಿಸಿ ತೃಪ್ತಿಪಡಲಿ, ನಿಜವಾದ ಸಾಲು ಉಳಿಯಲಿ ಅಂತ.

ಆ ಊರಿನಲ್ಲಿ ಒಬ್ಬಳಿದ್ದಳು. ಕಥೆಯವಳು ಅಂತಲೇ ಕರೆಯೋಣ. ಹತ್ತೊಂಬತ್ತು ವರ್ಷ ಮನೆಯೊಳಗೆ ಕೂತು ಒಂದು ಪುಸ್ತಕ ಬರೆದಳು. ಕೂದಲು ಕಪ್ಪಿದ್ದಾಗ ಶುರುಮಾಡಿದ್ದು, ಮುಗಿಸುವಾಗ ಬಾಚಣಿಗೆಯಲ್ಲಿ ಬಿಳಿಯದೇ ಬರುತ್ತಿತ್ತು. ಬೇಹಿನವಳೊಬ್ಬಳ ಕಥೆ. ಶತ್ರುರಾಜ ಕಳಿಸಿದ ಬೇಹಿನವಳು, ಸವೆದ ಬೀಸುವ ಕಲ್ಲಿಗೆ ಉಳಿ ಹಿಡಿದು ಕಚ್ಚು ಹಾಕಿಕೊಡುವ ನೆಪದಲ್ಲಿ ಮನೆಮನೆಯ ಹಿತ್ತಿಲಲ್ಲಿ ಕೂರುತ್ತಾಳೆ, ಕಿವಿ ಒಳಗಿಡುತ್ತಾಳೆ. ಹಾಗಂತ ಅವಳ ಕಾಗದದಲ್ಲೇ ಇತ್ತು, ಮಿಕ್ಕದ್ದನ್ನು ಯಾರು ಕಂಡಿದ್ದಾರೆ!

ಬೆಳಿಗ್ಗೆ ಮಿಂದು, ಕಾಗದ ಹಿಡಿದು, ಸುಣ್ಣದ ಬಟ್ಟಲು ಸೊಂಟಕ್ಕಿಟ್ಟುಕೊಂಡು ಹೊರಟಳು. ಒಂಬತ್ತು ಸಾಲು. ಮೊದಲನೆಯದು ಬಲಿ: "ಕಲ್ಪವೃಕ್ಷದಂಥ ದ್ವಾರದವರಿಗೆ ಈ ಹುಲ್ಲುಕಡ್ಡಿಯ ಶರಣು ಶರಣು." ಆಮೇಲಿನ ನಾಲ್ಕು ಸಾಲು ಕಥೆಯದು. ಆಮೇಲೆ ಮೂರು ಮತ್ತೆ ಬಲಿ: "ಈ ಪುಸ್ತಕ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ರುಚಿಸುವುದು." "ಇಂಥದ್ದು ಹಿಂದೆ ಬಂದಿಲ್ಲ, ಮುಂದೆ ಬರದು." "ನನ್ನ ನೆಂಟರೆಲ್ಲ ಕಣ್ಣೀರು ಹಾಕಿದ್ದಾರೆ." ಎಲ್ಲಕ್ಕಿಂತ ಕೆಳಗೆ, ಒಂಬತ್ತನೆಯದಾಗಿ, ಅವಳ ಜೀವ: "ಹೊಳೆ ದಾಟಿ ಹಿಂದಿರುಗುವ ದಿನ ಬಂದಾಗ ಅವಳು ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಂಬುದೇ ಕಥೆ."

ನಾಲ್ಕು ಬಲಿ ಸಾಲನ್ನು ನಾಲ್ಕು ಹೊಸ್ತಿಲು ತಿನ್ನುತ್ತೆ, ಐದನೆಯದಕ್ಕೆ ಹೇಗೋ ಒಂದು ಸಾಲು ಕೊಟ್ಟರಾಯಿತು ಅಂತ ಅವಳ ಲೆಕ್ಕಾಚಾರ. ಬೀದಿಯ ಹೆಂಗಸರೆಲ್ಲ ಕೈಕೆಲಸ ಬಿಟ್ಟು ಹಿಂದೆ ಹೊರಟರು. ಕಾಗದ ಹೋಗುವ ದಿನ ಯಾರ ಮನೆಯಲ್ಲೂ ಹೊತ್ತಿಗೆ ಸರಿಯಾಗಿ ಅಡುಗೆ ಆಗುವುದಿಲ್ಲ.

ಮೊದಲನೇ ಹೊಸ್ತಿಲು ಎಣ್ಣೆ ಮನೆಯದು. ಎಣ್ಣೆ ಮನೆಯವನು ಬಾಗಿಲಿಗೆ ಬಂದ. ಅವನ ಹೆಂಡತಿ ಹಿಂದೆ ಮೊರ ಹಿಡಿದು ಅಕ್ಕಿ ಕೇರುತ್ತ ಕೂತಿದ್ದಳು. ಕಥೆಯವಳು ಓದಿದಳು. ಮೂರನೇ ಸಾಲು, "ಗೌರವಸ್ಥನೊಬ್ಬ ಮಧ್ಯಾಹ್ನದ ಊಟವಾದ ಮೇಲೆ ಹಿತ್ತಿಲ ಗೋಡೆ ಹಾರುವುದನ್ನು ಅವಳು ಕಂಡಳು" ಅಂತ ಬಂದಾಗ ಎಣ್ಣೆ ಮನೆಯವನು ಹೆಗಲ ಮೇಲಿನ ವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

"ತಪ್ಪು ಬೇಡಲು ಬಂದಿದ್ದೇನೆ, ತಪ್ಪು ನೀಡಿ."

"ಮಧ್ಯಾಹ್ನ ಅಂತ ನಿನಗೆ ಯಾರು ಹೇಳಿದ್ದು?" ಅಂದ.

"ಯಾರೂ ಹೇಳಿಲ್ಲ ಅಣ್ಣ. ಕಥೆ."

"ಕಥೆ ಅಂದಮೇಲೆ ರಾತ್ರಿ ಹಾರಬೇಕು. ಎಲ್ಲ ಕಥೆಯಲ್ಲೂ ರಾತ್ರಿನೇ ಹಾರೋದು."

"ಎಲ್ಲರೂ ಹಾಗೆ ಬರೀತಾರೆ ಅಂತಲೇ ನಾನು..."

"ಗೋಡೆ ಅಂದ್ರೆ ಎಷ್ಟು ಎತ್ತರದ್ದು? ಮೇಲೆ ಗಾಜಿನ ಚೂರು ಇತ್ತಾ?"

ಹಿಂದಿನಿಂದ ಹೆಂಡತಿ ಮೊರ ನಿಲ್ಲಿಸಿದಳು. "ಅವಳು ಗಾಜು ಬರೆದೇ ಇಲ್ಲವಲ್ಲ. ನಿಮಗ್ಯಾಕೆ ಗಾಜಿನ ಯೋಚನೆ?"

ಕಥೆಯವಳು ಕಾಗದದ ನೆತ್ತಿಗೆ ಬೆರಳಿಟ್ಟು ತೋರಿಸಿದಳು. "ಅಣ್ಣ, ಮೊದಲನೇ ಸಾಲು ನೋಡಿ, ಶರಣು ಅಂತ ಎರಡು ಸಲ ಬಂದಿದೆ. ಎಷ್ಟು ಅಸಹ್ಯವಾಗಿದೆ ನೋಡಿ. ಅದು ದೊಡ್ಡ ತಪ್ಪಲ್ವಾ?"

"ಅದು ಬಹಳ ಚೆನ್ನಾಗಿದೆ. ಬರೆಯೋರಿಗೆ ವಿನಯ ಇರಬೇಕು," ಅಂದ. "ತಪ್ಪಿದೆ, ತಗೋ" ಅಂದ. ಹೆಬ್ಬೆರಳು ಅದ್ದಿ ಮೂರನೇ ಸಾಲಿನ ಮೇಲೆ ಎಳೆದ.

"ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮ್ಮ ಕೈ ಇಷ್ಟು ಚುರುಕಾಗಿ ಓಡಿದ್ದು ಇವತ್ತೇ ಕಂಡೆ," ಅಂದಳು ಹೆಂಡತಿ. ಮೊರ ಕೆಳಗಿಟ್ಟು ಎದ್ದಳು. ಎಣ್ಣೆ ಮನೆಯ ಹಿತ್ತಿಲ ಗೋಡೆಯ ಆಚೆ ಯಾರ ಮನೆ ಅಂತ ಬೀದಿಗೆ ಗೊತ್ತಿಲ್ಲವೇ? ಹೂ ಕಟ್ಟುವವಳ ಮನೆ. ಅಷ್ಟು ತಲೆಗಳೂ ಒಟ್ಟಿಗೆ ಆ ಕಡೆ ತಿರುಗಿದವು. ತಿರುಗಿದ ಹೊತ್ತಿಗೆ ಸರಿಯಾಗಿ ಹೂವಿನವಳ ಬಾಗಿಲು ದಡಕ್ಕನೆ ಹಾಕಿಕೊಂಡಿತು.

ಕಥೆಯವಳಿಗೆ ಇದ್ಯಾವುದೂ ಬೇಕಿರಲಿಲ್ಲ, ಪಾಪ. ಒಂದು ಒಳ್ಳೇ ಸಾಲು ಹೋಯಿತಲ್ಲ ಅಂತ ಅವಳ ಸಂಕಟ.

ಎರಡನೇ ಹೊಸ್ತಿಲು ಮೇಷ್ಟ್ರದು. ಮೇಷ್ಟ್ರು ಪದ್ಯ ಕಟ್ಟುವುದರಲ್ಲಿ ಹೆಸರಾದವರು. ಯಾರ ಮನೆಯಲ್ಲಿ ನಾಮಕರಣವಾದರೂ ಅವರದೊಂದು ಪದ್ಯ. ಅವರು ಕಾಗದವನ್ನು ಒಂದು ಸಲ ಕೇಳಿದರು, ಸಾಲದೆಂದು ಇನ್ನೊಂದು ಸಲ ಓದಿಸಿದರು, ಆಮೇಲೆ ಜಗಲಿಯ ಮೇಲೆ ಕಾಲು ಮಡಿಚಿ ಕೂತರು. ಅವರು ಕಾಲು ಮಡಿಚಿದರು ಅಂದರೆ ಬೀದಿಯ ಜನ ನೆರಳು ಹುಡುಕಿಕೊಳ್ಳುತ್ತಾರೆ.

"ಶುರುವಿನಲ್ಲಿ ಸೂರ್ಯೋದಯದ ವರ್ಣನೆ ಇಲ್ಲ," ಅಂದರು. "ಬೇಹಿನವಳಿಗೆ ಒಂದು ಹೆಸರಿಲ್ಲ. ಹೆಸರಿದ್ದರೆ ಅದು ಜಾಸ್ತಿಯಾಗುತ್ತಿತ್ತು, ಅದು ಬೇರೆ ಮಾತು. ಇದು ಹಿಂದಿನ ಯಾವ ಪುಸ್ತಕದ ಹಾಗಿದೆ, ಅದನ್ನು ಹೇಳಬೇಕಿತ್ತು. ಹೋಲಿಕೆ ಇಲ್ಲದೆ ದ್ವಾರದವರಿಗೆ ತಿಳಿಯೋದು ಹೇಗೆ?"

"ಮೇಷ್ಟ್ರೇ, ಹೋದ ವರ್ಷ ಹಾಲಿನವನ ಕಾಗದದಲ್ಲಿ ಹೋಲಿಕೆ ಇದೆ ಅಂತ ನೀವೇ ಅಲ್ವಾ ಅಳಿಸಿದ್ದು?"

"ಅದು ಹೋದ ವರ್ಷ."

"ಈ ವರ್ಷ ಏನು ಬದಲಾಗಿದೆ ಮೇಷ್ಟ್ರೇ?"

"ಅದನ್ನು ಬರೆಯುವವರೇ ತಿಳಿದುಕೊಳ್ಳಬೇಕು. ನಾವು ಹೇಳಿಕೊಟ್ಟರೆ ಅದು ನಿಮ್ಮದು ಹೇಗಾಗುತ್ತೆ?"

ಸೂರ್ಯ ನೆತ್ತಿಗೆ ಬಂತು. ಕಾಗದ ಉದ್ದವಾಯಿತು ಅಂದರು, ಗಿಡ್ಡವಾಯಿತು ಅಂದರು. ಗುಟ್ಟನ್ನೆಲ್ಲ ಬಿಟ್ಟುಕೊಟ್ಟೆ ಅಂದರು, ಏನೂ ಹೇಳದೆ ಮುಚ್ಚಿಟ್ಟೆ ಅಂದರು. ಕಥೆಯವಳು ಹೂಂ ಅಂದಳು, ಹೂಂ ಅಂದಳು, ಕೊನೆಗೆ ಹೂಂ ಅನ್ನುವುದಕ್ಕೂ ನಾಲಿಗೆ ಏಳಲಿಲ್ಲ. "ಮೇಷ್ಟ್ರೇ, ನೆಂಟರು ಕಣ್ಣೀರು ಹಾಕಿದರು ಅಂತ ಒಂದು ಸಾಲಿದೆ. ನೆಂಟರ ಮಾತು ಕಾಗದದಲ್ಲಿ ಬರಬಾರದು ಅಂತ ನೀವೇ ಪಾಠ ಮಾಡಿದ್ದು. ಅದನ್ನ ಅಳಿಸಿ," ಅಂತ ಕೈಮುಗಿದಳು.

"ಛೆ, ಅದರಲ್ಲಿ ಕರುಣರಸ ಇದೆ," ಅಂದರು. "ತಪ್ಪಿದೆ, ತಗೋ." ಹೆಬ್ಬೆರಳು ಸೀದಾ ನಾಲ್ಕನೇ ಸಾಲಿಗೆ ಹೋಯಿತು: "ಊರು ಮೆಚ್ಚುವ ಪಂಡಿತನ ಪದ್ಯಗಳನ್ನೆಲ್ಲ ಬರೆಯುವವಳು ಅವನ ಹೆಂಡತಿ ಎಂದು ಅರಿತಳು."

"ಆ ಸಾಲಿನಲ್ಲಿ ಏನೂ ತಪ್ಪಿಲ್ಲ," ಅಂತ ಒಳಗಿನಿಂದ ಮೇಷ್ಟ್ರ ಹೆಂಡತಿಯ ದನಿ ಬಂತು.

ಅಷ್ಟೇ. ಒಂದೇ ಮಾತು. ಆಮೇಲೆ ಬಳೆ ಸದ್ದು, ಒಗ್ಗರಣೆ ಸದ್ದು. ಆದರೆ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಮಕ್ಕಳ ನಾಮಕರಣದ ಪದ್ಯ ಯಾರದ್ದು ಅಂತ ಅವರಿಗೆ ಆಗ ಹೊಳೆಯಿತು. ಮೇಷ್ಟ್ರು ಕಾಲು ಬಿಡಿಸಿ ಎದ್ದು ಒಳಗೆ ಹೋದರು. ಒಳಗೆ ಹೋಗಿ ಹೊರಗಡೆಗೇ ವಾಪಸ್ಸು ಬಂದರು. ಒಳಗೆ ಹೆಂಡತಿ ಇದ್ದಳಲ್ಲ.

ಮೂರನೆಯದು ವೈದ್ಯನ ಹೊಸ್ತಿಲು. ಅಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಐದನೇ ಸಾಲು, "ಊರ ವೈದ್ಯ ತನಗೆ ಜ್ವರ ಬಂದಾಗ ಗುಟ್ಟಾಗಿ ಪರವೂರಿನ ವೈದ್ಯನ ಬಳಿ ಹೋಗುವುದನ್ನು ನೋಡಿದಳು" ಅಂತ ಕಿವಿಗೆ ಬಿದ್ದದ್ದೇ, ಅವನು ಬೇಡುವ ಮಾತನ್ನೂ ಕೇಳಿಸಿಕೊಳ್ಳದೆ ಬೆರಳು ಅದ್ದಿದ.

"ವೈದ್ಯರೇ, ಅದು ಕಥೆ! ನೀವಲ್ಲ ಅದು! ನೀವು ಎಲ್ಲಿಗೆ ಹೋಗ್ತೀರೋ ನನಗೇನು ಗೊತ್ತು?"

"ನಾನು ಎಲ್ಲಿಗೂ ಹೋಗಿಲ್ಲ. ಹೋದ ತಿಂಗಳು ಹೋಗಿದ್ದು ನನ್ನ ತಂಗಿ ಮನೆಗೆ," ಅಂದ ವೈದ್ಯ.

"ಹೋದ ತಿಂಗಳು ಅಂತ ಅವಳು ಅಂದಳಾ?" ಅಂತ ಗುಂಪಿನಲ್ಲಿ ಒಬ್ಬಳು ಕೇಳಿದಳು. ಅವಳ ಸೊಂಟನೋವಿಗೆ ಏಳು ವರ್ಷದಿಂದ ವೈದ್ಯನದೇ ಕಷಾಯ. "ನಿಮಗೆ ತಂಗಿ ಎಲ್ಲಿದ್ದಾಳೆ ವೈದ್ಯರೇ?" ಅಂತ ಇನ್ನೊಬ್ಬಳು. ವೈದ್ಯ "ತಪ್ಪಿದೆ, ತಗೋ" ಅಂದು ಎಳೆದು, ಕೈ ತೊಳೆಯದೆ ಬಾಗಿಲು ಹಾಕಿಕೊಂಡ. ಬಾಗಿಲ ಮೇಲೆ ಸುಣ್ಣದ ಬೆರಳ ಗುರುತು ಉಳಿಯಿತು.

ಕಥೆಯವಳು ಬೀದಿಯ ನಡುವೆ ನಿಂತಳು. ತಾನು ಯಾರನ್ನೂ ನೋಡಿ ಬರೆದದ್ದಲ್ಲ. ಕಿಟಕಿ ಮುಚ್ಚಿಕೊಂಡು, ಒಲೆಯ ಹೊಗೆ ನೋಡಿಕೊಂಡು, ತಲೆಯಿಂದ ಹುಟ್ಟಿಸಿ ಬರೆದದ್ದು. ಒಬ್ಬೊಬ್ಬರೂ ಬಂದು ಇದು ನಾನೇ, ಇದು ನಾನೇ ಅಂತ ಬೆರಳಿಟ್ಟು ತೋರಿಸಿದರೆ ಅವಳೇನು ಮಾಡಬೇಕು? ಅವಳು ಅಡಗಿಸಿಟ್ಟು ಹೇಳಿದ್ದನ್ನು ಅವರೇ ಹೊರಗೆಳೆದು ಬೀದಿಯಲ್ಲಿ ಹರಡುತ್ತಿದ್ದರು. ಬಲಿ ಸಾಲುಗಳು ಮಾತ್ರ ಒಂದಕ್ಕೂ ಏಟು ಬೀಳದೆ ಕೊಬ್ಬಿದ ಕೋಣದ ಹಾಗೆ ಕಾಗದದ ಮೇಲೆ ನಿಂತಿದ್ದವು.

ನಾಲ್ಕನೆಯದು ಮಡಿ ಅಜ್ಜಿಯ ಹೊಸ್ತಿಲು. ಊರಿನ ಕಟ್ಟಳೆ ಕಾಯುವವಳು ಅವಳೇ. ಹೊಳೆಯಾಚೆಯವರು ಅಂದರೆ ಅವಳಿಗೆ ಆಗದು. ಹೊಳೆಯಾಚೆಯಿಂದ ಬಂದ ಮಡಕೆಯಲ್ಲಿ ನೀರು ಕುಡಿಯುವುದಿಲ್ಲ, ಹೊಳೆಯಾಚೆಯ ಗಾಳಿ ಬೀಸಿದರೆ ಸೆರಗು ಮೂಗಿಗೆ. ಮೊಮ್ಮಕ್ಕಳು ಮರಿಮಕ್ಕಳು ಸುತ್ತ ಕೂತಿದ್ದರು. ಕಥೆಯವಳು ಎರಡನೇ ಸಾಲು ಓದಿದಳು: "ಹೊಳೆಯಾಚೆಯ ರಾಜ ಕಳಿಸಿದ ಬೇಹಿನವಳೊಬ್ಬಳು, ಬೀಸುವ ಕಲ್ಲಿಗೆ ಕಚ್ಚು ಹಾಕುವ ನೆಪದಲ್ಲಿ ಹಿತ್ತಿಲಲ್ಲಿ ಕೂತು, ತಾನು ಎಲ್ಲಿಯವಳೆಂದು ಯಾರಿಗೂ ತಿಳಿಯದಂತೆ ಈಚೆಯ ಊರಿನಲ್ಲಿ ಬಾಳಿದಳು."

ಅಜ್ಜಿ ಮೊದಲು ಹೊಳೆಯ ದಿಕ್ಕಿಗೆ ನೋಡಿದಳು. ಆಮೇಲೆ ಕೇಳಿದಳು, "ಈಜಿ ಬಂದಳೋ, ದೋಣಿಯಲ್ಲಿ ಬಂದಳೋ?"

"ಅದು ಕಾಗದದಲ್ಲಿ ಬರೆದಿಲ್ಲ ಅಜ್ಜಿ."

"ದೋಣಿಯಲ್ಲೇ ಬಂದದ್ದು. ಹಸಿರು ಬಣ್ಣದ ದೋಣಿ. ಮುಂಭಾಗದಲ್ಲಿ ಕಣ್ಣು ಬರೆದಿತ್ತು."

ಮರಿಮಕ್ಕಳು ಕೈಯಲ್ಲಿದ್ದ ಚಕ್ಕುಲಿ ಮರೆತರು. ಅಜ್ಜಿ ತನ್ನ ಬಾಯಿಂದ ಬಂದದ್ದು ತನಗೇ ಕೇಳಿಸಿದವಳ ಹಾಗೆ ಸುತ್ತ ನೋಡಿದಳು.

"ಅಜ್ಜಿ," ಅಂದಳು ಕಥೆಯವಳು, "ಆ ಸಾಲು ಹೋದರೆ ಬೇಹಿನವಳೇ ಹೋದಳು. ಹಿಂದೆ ಬಂದಿಲ್ಲ ಮುಂದೆ ಬರದು ಅಂತ ಒಂದು ಸಾಲಿದೆ ನೋಡಿ, ಸೊಕ್ಕಿನ ಸಾಲು. ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಅಳಿಸಿ."

"ಸೊಕ್ಕು ಇರಲಿ ಮಗಳೇ. ಸೊಕ್ಕಿನಿಂದ ಯಾರೂ ಸಾಯಲ್ಲ," ಅಂದಳು ಅಜ್ಜಿ. "ತಪ್ಪಿದೆ, ತಗೋ." ಹೆಬ್ಬೆರಳು ಎರಡನೇ ಸಾಲಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಯಿತು, ಹೊಳೆ ದಾಟುವ ಹಾಗೆ.

ಉಳಿದದ್ದು ಒಂದು ಹೊಸ್ತಿಲು. ಸೂರ್ಯ ಕೆರೆಯ ಮೇಲೆ ಎರಡು ಮೊಳ ಇತ್ತು.

ಐದನೆಯದು ಪಕ್ಕದ ಮನೆಯವಳದು. ಈ ಇಬ್ಬರ ವಿಷಯ ಬೇರೆ ಹೇಳಬೇಕು. ಹನ್ನೊಂದು ವರ್ಷದಿಂದ ಮಾತಿಲ್ಲ. ಪಕ್ಕದ ಮನೆಯವಳ ಹಿತ್ತಿಲ ನುಗ್ಗೆಮರದ ಒಂದು ಕೊಂಬೆ ಕಥೆಯವಳ ಕಡೆ ಬಾಗಿತ್ತು, ಇವಳು ಕಾಯಿ ಕಿತ್ತಳು, ಅವಳು ಕೊಂಬೆಯನ್ನೇ ಕಡಿದಳು. ಆಮೇಲೆ ಇವಳು ರಂಗೋಲಿ ಹಾಕಿದರೆ ಅವಳು ನೀರು ಚೆಲ್ಲುತ್ತಾಳೆ, ಅವಳು ಹಪ್ಪಳ ಒಣಗಿಸಿದರೆ ಇವಳು ಕಸ ಗುಡಿಸುತ್ತಾಳೆ. ಇಷ್ಟು ದ್ವೇಷ ಇರುವ ಕೈಗೆ ಕಾಗದ ಕೊಡಬೇಕು. ಬೀದಿಯವರು ಇನ್ನೂ ಹತ್ತಿರ ಸರಿದರು. ಮೇಷ್ಟ್ರೂ ಬಂದು ನಿಂತರು, ಮಡಿ ಅಜ್ಜಿಯೂ ಕೋಲೂರಿಕೊಂಡು ಬಂದಳು.

ಪಕ್ಕದ ಮನೆಯವಳು ಹೊಸ್ತಿಲ ಒಳಗೆ ನಿಂತಳು. ಕಥೆಯವಳು ಉಳಿದದ್ದನ್ನು ಓದಿದಳು.

"ಕಲ್ಪವೃಕ್ಷದಂಥ ದ್ವಾರದವರಿಗೆ ಈ ಹುಲ್ಲುಕಡ್ಡಿಯ ಶರಣು ಶರಣು. ಈ ಪುಸ್ತಕ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ರುಚಿಸುವುದು. ಇಂಥದ್ದು ಹಿಂದೆ ಬಂದಿಲ್ಲ, ಮುಂದೆ ಬರದು. ನನ್ನ ನೆಂಟರೆಲ್ಲ ಕಣ್ಣೀರು ಹಾಕಿದ್ದಾರೆ. ಹೊಳೆ ದಾಟಿ ಹಿಂದಿರುಗುವ ದಿನ ಬಂದಾಗ ಅವಳು ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಂಬುದೇ ಕಥೆ."

"ಯಾರು ಹೋಗಲಿಲ್ಲ? ನೆಂಟರಾ?" ಅಂತ ಯಾರೋ ಅಂದರು. ಬೀದಿಯೆಲ್ಲ ನಕ್ಕಿತು.

ನೋಡು, ಹತ್ತೊಂಬತ್ತು ವರ್ಷ ಬಾಗಿಲು ಮುಚ್ಚಿಕೊಂಡು ಬರೆದವಳು, ಬೆಳಗಿನಿಂದ ಅಣ್ಣ ಅಂದು, ಅಜ್ಜಿ ಅಂದು, ಕೈಮುಗಿದು, ಕಾಲು ಹಿಡಿದು ಬಂದವಳು, ಆ ನಗೆ ಕೇಳಿ ಸಿಡಿದುಬಿದ್ದಳು. "ಸಾಕು!" ಅಂದಳು. "ನಿಮ್ಮ ಗೋಡೆ ನನಗೆ ಬೇಕಿರಲಿಲ್ಲ, ನಿಮ್ಮ ಪದ್ಯ ಬೇಕಿರಲಿಲ್ಲ, ನಿಮ್ಮ ದೋಣಿ ಬೇಕಿರಲಿಲ್ಲ. ನಾನು ಒಂದು ಕಾಗದ ಹೇಗಿದೆ ಅಂತ ಕೇಳೋಕೆ ಬಂದೆ. ನೀವೆಲ್ಲ ನಿಮ್ಮನ್ನೇ ನೋಡಿಕೊಂಡಿರಿ. ಕಾಗದ ಹೇಗಿದೆ ಅಂತ ಒಬ್ಬರಾದರೂ ಹೇಳಿದಿರಾ?" ಆಮೇಲೆ ಪಕ್ಕದ ಮನೆಯವಳ ಕಡೆ ತಿರುಗಿದಳು. "ಅಳಿಸಿಬಿಡು ತಾಯಿ. ಜೀವ ಇರೋದು ಕೆಳಗಿನ ಒಂದು ಸಾಲಿನಲ್ಲಿ, ಅದನ್ನೂ ಅಳಿಸು. ನಿನಗೂ ತೃಪ್ತಿಯಾಗಲಿ. ತಪ್ಪು ಬೇಡಲು ಬಂದಿದ್ದೇನೆ, ತಪ್ಪು ನೀಡು."

"ತಪ್ಪಿದೆ, ತಗೋ," ಅಂದಳು ಪಕ್ಕದ ಮನೆಯವಳು. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು.

ಅಂದು, ಹೆಬ್ಬೆರಳಲ್ಲ, ಇಡೀ ಅಂಗೈಯನ್ನು ಬಟ್ಟಲಿಗೆ ಅದ್ದಿದಳು. ಮಣಿಕಟ್ಟಿನವರೆಗೆ ಬೆಳ್ಳಗಾದ ಕೈ ಎತ್ತಿ, ಕಾಗದದ ನೆತ್ತಿಯಿಂದ ಕೆಳಗೆ ಒಂದೇ ಎಳೆತ ಎಳೆದಳು. ಶರಣು ಹೋಯಿತು, ಮಕ್ಕಳು ಮುದುಕರು ಹೋದರು, ಹಿಂದೆ ಮುಂದೆ ಎರಡೂ ಹೋಯಿತು, ನೆಂಟರು ಕಣ್ಣೀರಿನ ಸಮೇತ ಹೋದರು. ಒಂಬತ್ತನೇ ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಕೈ ನಿಂತಿತು, ಮೇಲೆದ್ದಿತು.

"ಹೆಬ್ಬೆರಳು! ಹೆಬ್ಬೆರಳು ಮಾತ್ರ!" ಅಂತ ಮೇಷ್ಟ್ರು ಕೂಗಿದರು. "ಒಂದು ಸಾಲು ಅಳಿಸಬೇಕು, ನಾಲ್ಕು ಅಳಿಸಿದಳು!"

ಎಲ್ಲರೂ ಮಡಿ ಅಜ್ಜಿಯನ್ನು ನೋಡಿದರು. ಅಜ್ಜಿಗೆ ಅವತ್ತು ಬೀದಿ ಬೇಗ ಖಾಲಿಯಾದರೆ ಸಾಕಾಗಿತ್ತು. "ಕೈ ಎಷ್ಟು ಸಲ ಬಂತು?" ಅಂದಳು.

"ಒಂದು ಸಲ."

"ಒಂದೇ ಸಲ ಬಂದಿದೆ. ನಡೀರಿ ಎಲ್ಲ ಮನೆಗೆ."

ಕಥೆಯವಳು ಕಾಗದ ನೋಡಿದಳು. ಗೋಡೆಗೆ ಬಳಿದ ಹಾಗೆ ಬರೀ ಬಿಳುಪು, ತಳದಲ್ಲಿ ಇರುವೆಸಾಲಿನಂಥ ಒಂದು ಗೆರೆ. ಹಾಳುಮಾಡಿದಳು ಅಂತಲೇ ಅಂದುಕೊಂಡಳು. ಬಾಯಿಗೆ ಬಂದ ಹಾಗೆ ಬೈಯುತ್ತ, ಸೆರಗು ಸಿಕ್ಕಿಸಿಕೊಂಡು ಮೂಡಲಿಗೆ ಓಡಿದಳು. ಬೀದಿ ಹಿಂದೆ ಓಡಿತು. ಮನೆಗೆ ನಡೀರಿ ಅಂದರೆ ಯಾರು ಹೋಗುತ್ತಾರೆ?

ಕೋಟೆಯ ಬಾಗಿಲಲ್ಲಿ ದ್ವಾರದವನು ಅವತ್ತಿನ ಮೂವತ್ತು ಕಾಗದ ಕೆಳಗೆ ಹಾಕಿ ಬೇಸತ್ತು ಕೂತಿದ್ದ. ಇವಳ ಕಾಗದ ಇಸಿದುಕೊಂಡು, ಪದ್ಧತಿಯ ಹಾಗೆ ಎದೆ ತುಂಬ ಉಸಿರು ಎಳೆದುಕೊಂಡ. ಕಣ್ಣು ಬಿಳುಪಿನ ಮೇಲೆ ಇಳಿಯಿತು, ಇಳಿಯಿತು, ತಳದ ಸಾಲಿಗೆ ಬಂತು. ಓದಿದ. ಓದಿ ಮುಗಿಯಿತು, ಉಸಿರು ಮುಗಿಯಲಿಲ್ಲ. ಒಂಬತ್ತು ಸಾಲಿಗೆಂದು ಎಳೆದುಕೊಂಡ ಉಸಿರು, ಒಂದು ಸಾಲು ತಿಂದು ಮಿಕ್ಕಿದ್ದೆಲ್ಲ ಎದೆಯಲ್ಲೇ ನಿಂತಿತ್ತು. ಕಾಗದ ತಿರುಗಿಸಿ ನೋಡಿದ. ಹಿಂದೆ ಏನೂ ಇಲ್ಲ. ಬೆಳಕಿಗೆ ಹಿಡಿದು ನೋಡಿದ. ಸುಣ್ಣ. ಮತ್ತೆ ತಳದ ಸಾಲು ಓದಿದ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ಬೀದಿಯವರೂ ಉಸಿರು ಹಿಡಿದರು. ಕೊನೆಗೆ ದ್ವಾರದವನಿಗೆ ತಡೆಯಲಾಗಲಿಲ್ಲ.

"ಯಾಕಮ್ಮ ಹೋಗಲಿಲ್ಲ ಅವಳು?"

ಕೇಳಿಬಿಟ್ಟ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಏನು ಮಾಡಿದರೂ ಮಾತು ಒಳಗೆ ಹೋಗದು. ಬಾಗಿಲು ಕಿರ್ ಅಂತ ತೆರೆಯಿತು. "ನಾಳೆ ಬೆಳಿಗ್ಗೆ ಪುಸ್ತಕ ಹೊತ್ತು ತಾ," ಅಂದ. ಸೂರ್ಯ ಅಷ್ಟು ಹೊತ್ತಿಗೆ ಕೆರೆಗೆ ಬಿತ್ತು, ಪುಸ್ತಕದ ಬದಲು.

ಈಗ ಕೇಳು, ಆಣೆ ಇಡಿಸಿಕೊಂಡದ್ದು ಇದಕ್ಕೇ. ದೀಪ ಹಚ್ಚುವ ಹೊತ್ತಿಗೆ ಕಥೆಯವಳು ಸೀದಾ ಪಕ್ಕದ ಮನೆಗೆ ಹೋದಳು. ಹಿತ್ತಿಲಲ್ಲಿ ಆ ಹೆಂಗಸು ಕೈಯ ಸುಣ್ಣ ತೊಳೆಯುತ್ತಿದ್ದಳು. ಹನ್ನೊಂದು ವರ್ಷದ ಮೌನ ಇಬ್ಬರ ನಡುವೆ ಕಡಿದ ನುಗ್ಗೆಬೊಡ್ಡೆಯ ಹಾಗೆ ಕೂತಿತ್ತು. ಕಥೆಯವಳೇ ಬಾಯಿ ಬಿಟ್ಟಳು. "ಅಷ್ಟನ್ನೂ ಅಳಿಸಿ ಅದೊಂದನ್ನೇ ಯಾಕೆ ಉಳಿಸಿದೆ? ಆ ಸಾಲು ಅಂಥದ್ದು ಅಂತ ನಿನಗೆ ಹೇಗೆ ಗೊತ್ತು?"

"ಹೇಗೆ ಗೊತ್ತಾ? ಒಂದೇ ಇಟ್ಟಿಗೆಯ ಗೋಡೆ ಕಣೆ ನಮ್ಮದು. ಬರೆದಿದ್ದನ್ನ ಬರೆದ ಹಾಗೇ ಗಟ್ಟಿಯಾಗಿ ಓದಿಕೊಳ್ಳೋಳು ನೀನು. ಹತ್ತೊಂಬತ್ತು ವರ್ಷದಿಂದ ಗೋಡೆಗೆ ಕಿವಿ ಇಟ್ಟು ಒಂದಕ್ಷರ ಬಿಡದೆ ಕೇಳಿದ್ದೀನಿ. ಹೋಗು, ಕೋಟೆಗೆ ಹೇಳಿ ಬಾ. ಮುಳುಗೋದು ನಿನ್ನ ಪುಸ್ತಕ, ನನ್ನದೇನು ಹೋಗುತ್ತೆ?"

ಕಥೆಯವಳ ಮುಖದಲ್ಲಿ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೆಳಗಿನಿಂದ ಐದು ಹೊಸ್ತಿಲಲ್ಲಿ ಬೇಡಿದವಳು, ಪುಸ್ತಕ ಗೊತ್ತಿರುವ ಮನುಷ್ಯರೊಬ್ಬರನ್ನು ಈಗಷ್ಟೇ ಕಂಡಿದ್ದಳು. ಸೆರಗಿನ ತುದಿ ಹಿಂಡುತ್ತ, ಹೊಸ ಸೊಸೆ ಸಾರಿನ ರುಚಿ ಕೇಳುವ ಹಾಗೆ ಕೇಳಿದಳು, "ಹೇಗಿದೆ?"

ಪಕ್ಕದ ಮನೆಯವಳು ತಂಬಿಗೆ ಕುಕ್ಕಿ ಇಟ್ಟು, ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ಕಥೆ ಚೆನ್ನಾಗಿದೆ. ಕೊನೆ ಶುದ್ಧ ಸುಳ್ಳು. ಕಣಜ ಕಾಯೋ ಆ ಮೀಸೆಯವನ ಮೇಲೆ ಮನಸಾಗಿ ಉಳಿದಳಂತೆ! ಯಾವ ಹೆಂಗಸು ಮೀಸೆ ನೋಡಿಕೊಂಡು ಊರಲ್ಲಿ ಉಳೀತಾಳೆ? ಅಷ್ಟು ಮನೆ ಹಿತ್ತಿಲಲ್ಲಿ ಕೂತು ಅಷ್ಟು ವಿಷಯ ಅರ್ಧರ್ಧ ಕೇಳಿಸಿಕೊಂಡೋಳು, ಮುಂದೇನಾಯ್ತು ಅಂತ ತಿಳೀದೆ ಹ್ಯಾಗೆ ಹೊಳೆ ದಾಟ್ತಾಳೆ? ನನ್ನ ಮಗಳು ಮೂರು ಸಲ ಗಾಡಿ ಕಳಿಸಿದಳು, ಬಂದು ನನ್ನ ಹತ್ತಿರ ಇರಮ್ಮ ಅಂತ. ಮೂರು ಸಲನೂ ಬರೀ ಗಾಡಿ ವಾಪಸ್ಸು ಹೋಯ್ತು. ನಿನ್ನ ಮುಖ ನೋಡೋಕೆ ಉಳಿದೆ ಅಂದುಕೊಂಡೆಯಾ? ಕೂತು ತಿದ್ದು ಹೋಗು. ಗಟ್ಟಿಯಾಗಿ ಓದ್ತಾ ತಿದ್ದು."